ನನಗೆ ಓದಲಾಗದ ಡಿಜಿಟಲ್ ಗ್ರಂಥಾಲಯ

ನನ್ನ ಕಣ್ಣು ಹೋದದ್ದು ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದಾಗ. ಜ್ವರ ಬಂತು, ಇಳಿಯಿತು, ಇಳಿಯುವಾಗ ಕಣ್ಣನ್ನೂ ಕರಕೊಂಡು ಹೋಯಿತು. ಅದಕ್ಕಾಗಿ ಅಳುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ನನ್ನ ತಲೆ ಕೆಡಿಸುವ ಮಾತು ಬೇರೆಯೇ ಇತ್ತು. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ಜಮೀನಿನ ಲೆಕ್ಕ ಇಡುವ ತಲಾಠಿಯ ಕಚೇರಿಯಲ್ಲಿ ಯಾರೋ ನನ್ನ ಬದಲು ಕಾಗದ ಓದಿಕೊಂಡು, "ಏನಿಲ್ಲ ಬಿಡವಾ, ಇಲ್ಲಿ ಸಹಿ ಮಾಡು" ಅನ್ನುತ್ತಿದ್ದರಲ್ಲ, ಅದು. ಏನಿಲ್ಲದ ಕಾಗದಕ್ಕೆ ನನ್ನ ಸಹಿ ಯಾಕೆ ಬೇಕು? ಹೀಗೆ ಕೇಳಿ ಕೇಳಿ ಸಾಕಾಗಿ, ಖಾಸಗಿ ಶಾಲೆಯಲ್ಲಿ ಹಾಡು ಕಲಿಸುವ ಕೆಲಸ ಬಿಟ್ಟು, ಕೂದಲು ನರೆಯತೊಡಗಿದ ವಯಸ್ಸಿನಲ್ಲಿ ಕಾನೂನು ಕಾಲೇಜಿಗೆ ಸೇರಿದೆ. ಕಾಲೇಜು ನಮ್ಮ ಸೀಮೆಯದೇ. ಹೆಸರು ಬೇಡ. ಅಕ್ಕೋಳದಿಂದ ಬಸ್ಸು ಹಿಡಿದು, ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು, ಅಷ್ಟು ಸಾಕು.

ಮೊದಲ ವರ್ಷ ನನಗೆ ಓದಿ ಹೇಳಿದವಳು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಅವಳು ಕಾಗಲ ಕಡೆಯವಳು, ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಮಾತು ನಮಗಿಂತ ಜೋರು, ಆದರೆ ಕನ್ನಡ ಅಕ್ಷರ ಒಂದೊಂದಾಗಿ ಕೂಡಿಸಿಕೊಂಡೇ ಓದಬೇಕು. ರೊಟ್ಟಿ ಬಡಿದು ಮುಗಿದ ಮೇಲೆ ಕೈ ತೊಳೆದು ಕೂತು, ಗ್ರಂಥಾಲಯದಿಂದ ತಂದ ಪುಸ್ತಕದ ಪಾಠ ಓದಿ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಆಸ್ತಿ ವರ್ಗಾವಣೆ ಕಾನೂನಿನ ನಟ್ಟನಡುವೆ, "ಏ ಬೇ, ಎಮ್ಮಿ ಬಿಚ್ಚಿಕೊಂಡೈತಿ ನೋಡ!" ಅನ್ನುವ ಅವಳದೇ ಕೂಗು. ಪರೀಕ್ಷೆಯ ಹಿಂದಿನ ದಿನ ಕೇಳುವಾಗಲೂ ಆ ಎಮ್ಮೆ ಬಿಚ್ಚಿಕೊಳ್ಳುತ್ತಿತ್ತು. ಆದರೂ ಪಾಠ ಕಿವಿಗೆ ಬೀಳುತ್ತಿತ್ತು. ಆ ವರ್ಷ ಪಾಸಾದೆ.

ಎರಡನೆಯ ವರ್ಷ ಕಾಲೇಜಿನ ಗ್ರಂಥಾಲಯ ಡಿಜಿಟಲ್ ಆಯಿತು. ಗ್ರಂಥಪಾಲಕರು ಒಳ್ಳೆಯ ಮನುಷ್ಯ. ನಾನು ಶಾಲೆಯಲ್ಲಿ ಕಲಿಸುತ್ತಿದ್ದೆನೆಂದು ನನ್ನನ್ನು 'ಅಕ್ಕಾರ' ಎಂದೇ ಕರೆಯುತ್ತಿದ್ದರು. ಬಾಗಿಲಲ್ಲೇ ಎದುರುಗೊಂಡು ಹೇಳಿದರು:

"ಅಕ್ಕಾರ, ಇನ್ನ ನಿಮಗ ತ್ರಾಸ ಇಲ್ರಿ. ಎಲ್ಲಾ ಪುಸ್ತಕ ಕಂಪ್ಯೂಟರಿನಾಗ ಹಾಕೇವಿ. ನಿಮ್ಮ ಸಲುವಾಗಿ ಮಾತಾಡೋ ಸಾಫ್ಟ್‌ವೇರ್ ಸುದ್ದಾ ತಂದೇವ್ರಿ."

ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಆ ಸಾಫ್ಟ್‌ವೇರ್ ನನಗೆ ಹೊಸದಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ದನಿಯಾಗಿ ಓದುವ ಅಂಥದ್ದೇ ಒಂದು ನನ್ನ ಫೋನಿನಲ್ಲಿಯೂ ಇದೆ. ಕೂತೆ, ಹೆಡ್‌ಫೋನ್ ಹಾಕಿಕೊಂಡೆ, ಕರಾರು ಕಾನೂನಿನ ಪುಸ್ತಕ ತೆರೆಸಿದೆ.

"ಗ್ರಾಫಿಕ್," ಅಂದಿತು ದನಿ.

ಮುಂದಿನ ಪುಟ. "ಗ್ರಾಫಿಕ್." ಅದರ ಮುಂದಿನ ಪುಟವೂ "ಗ್ರಾಫಿಕ್."

ಗುತ್ತಿಗೆದಾರನ ಮಂದಿ ಪುಸ್ತಕಗಳ ಪುಟಪುಟವನ್ನೂ ಫೋಟೋ ಹೊಡೆದು ಕಂಪ್ಯೂಟರಿಗೆ ತುಂಬಿದ್ದರು. ಕಣ್ಣಿದ್ದವರಿಗೆ ಅದು ಪುಸ್ತಕ. ಸಾಫ್ಟ್‌ವೇರಿಗೆ ಅದು ಗೋಡೆಯ ಮೇಲಿನ ಕ್ಯಾಲೆಂಡರಿನ ದೇವರ ಪಟವಿದ್ದಂತೆ, ಪಟ ಅನ್ನುವುದಷ್ಟೇ ಗೊತ್ತು. ಗ್ರಂಥಪಾಲಕರಿಗೆ ಹೇಳಿದೆ. "ಅಪ್‌ಡೇಟ್ ಬರ್ತೈತ್ರಿ ಅಕ್ಕಾರ," ಅಂದರು. ಹಾಗಾದರೆ ಪ್ರಾಧ್ಯಾಪಕರು ಟೈಪು ಮಾಡಿಸಿಟ್ಟ ಕನ್ನಡ ನೋಟ್ಸ್ ತೆರೆಯಿರಿ ಅಂದೆ. ಅವು ಫೋಟೋ ಅಲ್ಲವಲ್ಲ. ತೆರೆದರು. ದನಿ ಶುರುವಾಯಿತು: "ಪಿ, ಎ, ಪೌಂಡ್, ಎ, ಕ್ಯೂ, ಎ, ಪೌಂಡ್..." ಅದು ಹಳೆಯ ಕಾಲದ ಫಾಂಟಿನಲ್ಲಿ ಟೈಪು ಮಾಡಿದ್ದು. ಪರದೆಯ ಮೇಲೆ ಅಪ್ಪಟ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ, ಪೌಂಡ್ ರೊಕ್ಕದ ಗುರುತಿನಂಥ ಚಿಹ್ನೆಗಳ ಚೂರು. ಹಿಂದೂ ಉತ್ತರಾಧಿಕಾರದ ಪಾಠವನ್ನು ನಾನು ಪೌಂಡುಗಳಲ್ಲಿ ಕೇಳಿದೆ.

ನ್ಯಾಯಾಲಯಗಳ ತೀರ್ಪು ಹುಡುಕುವ ಹೊರಗಿನ ಜಾಲತಾಣಕ್ಕೆ ಹೋದರೆ ಅದರದು ಇನ್ನೊಂದು ಹಟ. ನೀವು ಮನುಷ್ಯರೇ ಎಂದು ತೋರಿಸಲು ಕೆಳಗೆ ಕಾಣುವ ಅಕ್ಷರ ಬರೆಯಿರಿ ಅನ್ನುತ್ತದೆ. ಕಾಣುವುದಿದ್ದರೆ ಇಷ್ಟು ಹೊತ್ತು ನಿನ್ನ ಮುಂದೆ ಯಾಕೆ ಕೂಡುತ್ತಿದ್ದೆ ತಮ್ಮಾ? ಕಿವಿಯಿಂದ ಕೇಳುವ ದಾರಿಯೂ ಒಂದಿತ್ತು. ಒತ್ತಿದರೆ ಗಾಣದ ಸಪ್ಪಳದೊಳಗೆ ಯಾರೋ ವಿದೇಶಿ ಹೆಂಗಸು ಗೊಣಗಿದಂತೆ ಕೇಳಿಸಿತು. ಬರೆದದ್ದೆಲ್ಲ ತಪ್ಪಾಯಿತು. ನಾನು ಮನುಷ್ಯಳಲ್ಲ ಎಂದು ಆ ಕಂಪ್ಯೂಟರ್ ತೀರ್ಮಾನ ಮಾಡಿತು.

ಇದಕ್ಕಿಂತ ಉರಿದದ್ದು ಇನ್ನೊಂದಕ್ಕೆ. ವೈನಿಗೆ ಓದಿಸಲು ಪುಸ್ತಕ ಮನೆಗೆ ಕೊಡಿ ಎಂದರೆ, "ಎಲ್ಲಾ ಡಿಜಿಟಲ್ ಆಗೇತ್ರಿ, ಪುಸ್ತಕ ಹೊರಗ ಕೊಡೂದು ಬಂದ್ ಮಾಡ್ಯಾರ," ಅಂದರು. ಇದ್ದ ಎಮ್ಮೆಯೂ ಹೋಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ತಪಾಸಣೆ ಸಮಿತಿ ಬರುತ್ತದೆಂದು ಸುದ್ದಿಯಾಯಿತು. ಪ್ರಾಚಾರ್ಯರು ನನ್ನನ್ನು ಕರೆಸಿ, ಅಲ್ಲಿಯವರೆಗೆ ಎಂದೂ ಕುಡಿಸದ ಚಹಾ ಕುಡಿಸಿದರು.

"ನೋಡ್ರಿ, ಅಂಧರ ಸಲುವಾಗಿ ನಮ್ಮಲ್ಲಿ ಏನ ವ್ಯವಸ್ಥಾ ಐತಿ ಅಂತ ಅವರು ಕೇಳ್ತಾರ. ನೀವು ಆ ಕಂಪ್ಯೂಟರಿನ ಮುಂದ ಕುಂಡ್ರಿ. ಹೆಡ್‌ಫೋನ್ ಹಾಕ್ಕೊಳ್ರಿ. ಸ್ವಲ್ಪ ನಕ್ಕೋತ ಇರ್ರಿ, ಅಷ್ಟ."

"ಅದು ಓದೂದಿಲ್ಲಲ್ರಿ ಸರ್."

"ಅವರಿಗೆ ಕೇಳಸ್ತೈತೇನು? ಹೆಡ್‌ಫೋನ್ ಇರೂದು ನಿಮ್ಮ ಕಿವಿಯಾಗ."

ಮನೆಗೆ ಬಂದು ವೈನಿಗೆ ಹೇಳಿದೆ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, "ಹೆಣ್ಣ ನೋಡಾಕ ಬಂದಾಗ ಕುಂಡ್ರಸ್ತಾರಲ್ಲ, ಹಂಗ ಆತಲ್ಲ ಇದು," ಅಂದಳು. ನನಗೆ ನಗು ಬಂತು. ಆದರೂ ಪ್ರಾಚಾರ್ಯರನ್ನು ಎದುರು ಹಾಕಿಕೊಂಡರೆ ಏನಾಗುತ್ತದೋ ಎಂಬ ಹೆದರಿಕೆ ಇಲ್ಲದೇ ಇರಲಿಲ್ಲ. ಹಾಜರಾತಿ, ಪರೀಕ್ಷೆಯಲ್ಲಿ ನನ್ನ ಪರವಾಗಿ ಬರೆಯುವವರನ್ನು ಕೊಡುವುದು, ಎಲ್ಲ ಅವರ ಕೈಯಲ್ಲಿತ್ತು.

ಸಮಿತಿ ಬಂದ ದಿನ ಇಸ್ತ್ರಿ ಮಾಡಿದ ಇಳಕಲ್ಲ ಸೀರೆ ಉಟ್ಟು ಕೂತೆ. ಬೂಟಿನ ಸಪ್ಪಳ, ಅತ್ತರಿನ ವಾಸನೆ, ನಡುವೆ ಪ್ರಾಚಾರ್ಯರ ದನಿ: "ಇವರು ನಮ್ಮ ವಿದ್ಯಾರ್ಥಿನಿ. ಈ ಸೌಲಭ್ಯದಿಂದ ಭಾಳ ಅನುಕೂಲ ಆಗೇತ್ರಿ ಇವರಿಗೆ." ಸಮಿತಿಯಲ್ಲಿದ್ದ ಒಬ್ಬ ಹೆಂಗಸು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಈಗ ಏನು ಓದ್ತಿದ್ದೀರಿ?"

ಉತ್ತರ ಕೊಡಬೇಕೆಂದೇ ಬಾಯಿ ತೆರೆದೆ. ಅಷ್ಟರೊಳಗೆ ಕೈಯೇ ಮುಂದೆ ಹೋಗಿ ಹೆಡ್‌ಫೋನಿನ ವಯರು ಕಿತ್ತಿತು. ಕಂಪ್ಯೂಟರಿನ ದನಿ ಇಡೀ ಕೋಣೆಗೆ ಕೇಳಿಸಿತು: "ಗ್ರಾಫಿಕ್. ಗ್ರಾಫಿಕ್." ನಾನು ಪುಟ ಬದಲಿಸುತ್ತಲೇ ಇದ್ದೆ. ಆಮೇಲೆ ನೋಟ್ಸ್ ತೆರೆದೆ. "ಪಿ, ಎ, ಪೌಂಡ್."

"ಇದನ್ನ ಓದಾಕತ್ತೇನ್ರಿ," ಅಂದೆ. "ಮಳಿಗಾಲ ಸುರು ಆದಾಗಿಂದ ಇದನ್ನ ಓದಾಕತ್ತೇನಿ."

ಆ ಹೆಂಗಸು ಪರದೆ ಆರಿಸಲು ಹೇಳಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಕೀಲಿಮಣೆ ತಮ್ಮ ಕಡೆ ಎಳೆದುಕೊಂಡರು. ದನಿಯೊಂದನ್ನೇ ಕೇಳಿಕೊಂಡು ಒಂದು ಪುಸ್ತಕವನ್ನೂ ಅವರಿಂದ ಹುಡುಕಲಾಗಲಿಲ್ಲ. ಎದ್ದು, "ಇದನ್ನು ಸೌಲಭ್ಯ ಅಂತ ಬರೆಯೋಕೆ ಆಗಲ್ಲ," ಎಂದಷ್ಟೇ ಹೇಳಿ ಹೋದರು.

ಅವರ ಕಾರು ಗೇಟು ದಾಟುವುದೇ ತಡ, ಪ್ರಾಚಾರ್ಯರು ಎಲ್ಲರೆದುರು ಕೂಗಾಡಿದರು. "ಕಾಲೇಜಿನ ಮರ್ಯಾದಿ ಕಳದ್ರಿ! ನಿಮ್ಮಂಥವರಿಗೆ ಸೀಟ್ ಕೊಟ್ಟದ್ದ ತಪ್ಪಾತು." ನಿಮ್ಮಂಥವರು ಅನ್ನುವ ಮಾತು ಬಸ್ಸಿನಲ್ಲಿ ಮನೆವರೆಗೂ ನನ್ನ ಜೊತೆ ಬಂತು. ಕಿಡಕಿಗೆ ಮುಖ ಕೊಟ್ಟು ಅತ್ತೆ. ಸಿಟ್ಟಿಗೋ ಅವಮಾನಕ್ಕೋ ಗೊತ್ತಾಗಲಿಲ್ಲ.

ನಾಲ್ಕಾರು ದಿನ ಕಾಲೇಜಿಗೆ ಹೋಗಲಿಲ್ಲ. ಫೋನು ಮಾಡಿದವರು ಗ್ರಂಥಪಾಲಕರು.

"ಅಕ್ಕಾರ, ನೀವು ಹೇಳಿದಾಗೆಲ್ಲಾ ಅಪ್‌ಡೇಟ್ ಅಪ್‌ಡೇಟ್ ಅಂದೆ. ಖರೇ ಹೇಳ್ಬೇಕಂದ್ರ ನನಗೂ ತಿಳಿದಿರಲಿಲ್ರಿ. ಗುತ್ತಿಗೆದಾರ ಫೋನ ಎತ್ತವಲ್ಲ. ನಾವಿಬ್ಬರ ಕೂಡಿ ಏನರ ಮಾಡೂಣು?"

"ಪುಸ್ತಕ ಮನಿಗೆ ಕೊಡ್ತೀರೇನ್ರಿ ಮೊದಲ?"

"ಕೊಡ್ತೇನ್ರಿ. ಯಾರ ಕೇಳ್ತಾರೋ ಕೇಳ್ಲಿ."

ಹಾಗೆ ಶುರುವಾಯಿತು. ಚಿತ್ರದೊಳಗಿನ ಅಕ್ಷರ ಗುರುತಿಸುವ ತಂತ್ರಾಂಶವೊಂದನ್ನು ಅವರು ಎಲ್ಲಿಂದಲೋ ಹಾಕಿಸಿದರು. ಹಳೆಯ ಫಾಂಟನ್ನು ಹೊಸದಕ್ಕೆ ತಿರುಗಿಸುವುದನ್ನು ಕಲಿತರು. ತಿರುಗಿಸಿದ ಪಾಠಗಳನ್ನು ನಾನು ಕೇಳಿ ತಪ್ಪು ಹೇಳುವುದು, ಅವರು ಪುಸ್ತಕ ನೋಡಿ ತಿದ್ದುವುದು. ತಪ್ಪುಗಳೋ, ದೇವರಿಗೇ ಪ್ರೀತಿ. ಹಕ್ಕು ಇದ್ದಲ್ಲೆಲ್ಲ ಹಕ್ಕಿ. 'ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕಿ ಇರುತ್ತದೆ' ಎಂದು ಕೇಳಿ ವೈನಿ, "ಅದ ಸರಿ ಐತಿ ಬಿಡ, ಹಾರಿ ಹೋಗ್ತೈತಲ್ಲ," ಅಂದಳು. ಪ್ರತಿವಾದಿ ಪತಿವಾದಿಯಾಗಿದ್ದ. ಒಂದು ಅಧ್ಯಾಯ ಸರಿಮಾಡುವುದರೊಳಗೆ ನಾನೂ ಗ್ರಂಥಪಾಲಕರೂ ಜಗಳಾಡಿ ಮಾತು ಬಿಟ್ಟು ಮತ್ತೆ ಕೂಡುತ್ತಿದ್ದೆವು. ಕಣ್ಣಿದ್ದವರಿಗೆ ಕಪಾಟಿನಿಂದ ತೆಗೆದರೆ ಸಿಗುವ ಪುಸ್ತಕಕ್ಕೆ ನಾನು ಇಷ್ಟು ದುಡಿಯಬೇಕಾಯಿತಲ್ಲ ಎಂಬ ಉರಿ ಹೋಗಲೇ ಇಲ್ಲ. ಇಂದಿಗೂ ಹೋಗಿಲ್ಲ.

ಪ್ರಾಚಾರ್ಯರು ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಆದರೆ ಪರೀಕ್ಷೆಯಲ್ಲಿ ಬರೆಯುವವರನ್ನು ತಪ್ಪಿಸಲಿಲ್ಲ. ಸಮಿತಿಯ ಭಯವಿರಬೇಕು. ಆ ವರ್ಷ ನನಗೆ ಅತಿ ಹೆಚ್ಚು ಅಂಕ ಬಂದದ್ದು ಹಿಂದೂ ಉತ್ತರಾಧಿಕಾರದ ಕಾನೂನಿಗೆ.

ಈಗ ಕೊನೆಯ ವರ್ಷ. ಕಣ್ಣು ಮಂಜಾಗುತ್ತಿರುವ ರಾಯಬಾಗ ಕಡೆಯ ಗಂಡಸೊಬ್ಬರು ಹೊಸದಾಗಿ ಸೇರಿದ್ದಾರೆ. ನಾವು ತಿದ್ದಿದ ಪುಸ್ತಕಗಳನ್ನೇ ಕೇಳುತ್ತಾರೆ. ಹೋದ ವಾರ ಬೆಳಗ್ಗೆ ಬಸ್ಸಿಗಾಗಿ ನಿಂತಿದ್ದಾಗ ಗ್ರಂಥಪಾಲಕರ ಫೋನು ಬಂತು. ದನಿಯಲ್ಲಿ ಜೀವವೇ ಇರಲಿಲ್ಲ.

"ಅಕ್ಕಾರ, ಅಪ್‌ಡೇಟ್ ಬಂತ್ರಿ."

"ಬಂತಾ? ಭಾಳ ಚಲೋ ಆತಲ್ರಿ."

"ಚಲೋ ಎಲ್ಲೀದ್ರಿ! ನಾವು ತಿದ್ದಿದ್ದೆಲ್ಲಾ ಅಳಿಸಿ ಹೋಗೇತಿ. ಮತ್ತ ಆ ಫೋಟೋಗೋಳ ಬಂದು ಕುಂತಾವು."

ಬೈಗುಳ ಬಾಯಿತನಕ ಬಂದಿತ್ತು, ಸುತ್ತ ಮಂದಿ ಇದ್ದರು.

"ಒಂದು ಪ್ರತಿ ಪೆನ್‌ಡ್ರೈವಿನಾಗ ಹಾಕಿಸಿ ಇಟ್ಕೊಂಡೇನ್ರಿ," ಅಂದೆ. "ನಿಮ್ಮ ಅಪ್‌ಡೇಟಿನ ಮ್ಯಾಲೆ ನನಗ ಮೊದಲಿಂದನೂ ನಂಬಿಗಿ ಇಲ್ಲ. ಕಂಪ್ಯೂಟರ್ ಚಾಲೂ ಮಾಡಿ ಇಡ್ರಿ, ಬರಾಕತ್ತೇನಿ."