ಗಿಡ್ಡ ಕಂಬ

ಆ ಶನಿವಾರ ಬೆಳಿಗ್ಗೆ ನನ್ನ ಗಂಡ ಊಟದ ಡಬ್ಬಿ ಒಯ್ಯುವ ಚೀಲದಲ್ಲಿ ಡಬ್ಬಿಯ ಬದಲು ಒಂದು ಕೀಸುಳಿ, ಒಂದು ಗರಗಸ, ಸ್ಯಾಂಡ್‌ಪೇಪರಿನ ಸುರುಳಿ ತುಂಬಿಕೊಂಡರು. ಮಗಳ ಶಾಲೆಯಲ್ಲಿ ಕೆಲವು ಶನಿವಾರ ಮಕ್ಕಳು ಪುಸ್ತಕದ ಚೀಲವಿಲ್ಲದೆ ಬರುತ್ತಾರೆ. ಅಂದು ಪಾಠವಿಲ್ಲ, ಕೈಕೆಲಸ. ತಂದೆತಾಯಿಗಳಲ್ಲಿ ಯಾರಿಗೆ ಏನು ಬರುತ್ತದೋ ಅದನ್ನು ಹೋಗಿ ಕಲಿಸಬಹುದು. ಒಬ್ಬ ತಾಯಿ ಹೂ ಕಟ್ಟಲು ಕಲಿಸಿದರು, ಇನ್ನೊಬ್ಬರು ಫ್ಯಾನ್ ರಿಪೇರಿ ಕಲಿಸಿದರು. ಆ ತಿಂಗಳು ಇವರ ಪಾಳಿ. ಮಗಳ ಒಂಬತ್ತನೆಯ ತರಗತಿಯ ಮಕ್ಕಳಿಂದ ಖೋ ಖೋ ಆಟದ ಎರಡು ಕಂಬ ಮಾಡಿಸುವುದು.

ಇವರೇ ಮುಂದಾಗಿ ಒಪ್ಪಿಕೊಂಡ ಕೆಲಸ ಅದು. ಮಗಳು ಶಾಲೆಯ ಖೋ ಖೋ ತಂಡದಲ್ಲಿ ಇದ್ದಾಳೆ. ಓಡಿ ಬಂದು ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಹಾಗೇ ಗಾಳಿಯಲ್ಲಿ ಮೈ ಚಾಚಿ ಎದುರಿನವರನ್ನು ಮುಟ್ಟುವುದು ಅವಳ ಆಟ. ಶಾಲೆಯ ಹಳೆಯ ಕಂಬ ಸೀಳು ಬಿಟ್ಟಿತ್ತು. ಒಂದು ಸಂಜೆ ಅಂಗೈಯಲ್ಲಿ ಉದ್ದನೆಯ ಸಿಬಿರು ಹೊಕ್ಕಿಸಿಕೊಂಡು ಬಂದಳು. ಇವರು ಸೂಜಿಯಿಂದ ಅದನ್ನು ತೆಗೆದು, ಬೆಳಕಿಗೆ ಹಿಡಿದು ನೋಡಿ, ಮರುದಿನವೇ ಪಿ.ಟಿ. ಟೀಚರನ್ನು ಕಂಡು ಬಂದರು.

"ರೀ, ಶಾಲಿಗೆ ಹೊಂಟೀರಿ, ಫ್ಯಾಕ್ಟರಿಗಲ್ಲ. ಆ ಅಂಗಿ ಬದಲಿ ಮಾಡ್ರಿ," ಎಂದೆ.

"ಮಾಸ್ತರ ಆಗಾಕ ಹೊಂಟೀನಿ, ಮದುಮಗ ಆಗಾಕ ಅಲ್ಲ," ಎಂದರು.

ಮಗಳು ಬೂಟಿನ ಲೇಸು ಕಟ್ಟುತ್ತ, "ಪಪ್ಪಾ, ಪ್ಲೀಸ್, ಕ್ಲಾಸ್‌ನಲ್ಲಿ ಜಾಸ್ತಿ ಮಾತಾಡ್ಬೇಡ ಹಾಂ. ನನ್ನ ಇಜ್ಜತ್ ಕಾ ಸವಾಲ್ ಇದೆ," ಎಂದಳು. ಇಬ್ಬರೂ ಮೆಟ್ಟಿಲು ಇಳಿಯುವಾಗಲೂ ಅದೇ ಮಾತು ನಡೆದಿತ್ತು.

ನಾವು ಧಾರವಾಡದ ಕಡೆಯವರು. ಮದುವೆಯಾದ ಮೇಲೆ ವಿಕ್ರೋಳಿಯ ಈ ಬಿಲ್ಡಿಂಗಿನ ಎರಡನೆಯ ಮಾಳಿಗೆಗೆ ಬಂದೆ, ಇಲ್ಲಿಯೇ ಇದ್ದೇನೆ. ಇವರು ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಕಬ್ಬಿಣದ ಅಚ್ಚು, ಉಪಕರಣ ಮಾಡುವವರು. ಮರದ ಕೆಲಸ ರಜೆಯ ದಿನದ ಹುಚ್ಚು. ಟೂಲ್ ರೂಮಿನಲ್ಲಿ ಒಂದು ಪದ್ಧತಿ ಇದೆಯಂತೆ: ಮಾಡಿದವನು ತನ್ನ ಕೆಲಸವನ್ನು ತಾನೇ ಪಾಸ್ ಮಾಡಬಾರದು, ಇನ್ನೊಬ್ಬರು ನೋಡಬೇಕು. ಆ ಪದ್ಧತಿಯನ್ನು ಮನೆಗೂ ತಂದಿದ್ದರು. ಮದುವೆಯಾದ ಹೊಸದರಲ್ಲಿ ನನಗೊಂದು ಲಟ್ಟಣಿಗೆ ಮಾಡಿಕೊಟ್ಟು, "ಕೈ ಆಡ್ಸಿ ನೋಡು, ನನ್ನ ಅಂಗೈ ದಡ್ಡು ಬಿದ್ದೈತಿ, ಏನೂ ತಿಳಿಯೂದಿಲ್ಲ," ಎಂದರು. ನಾನು ಕೈಯಾಡಿಸಿ ತರಕಲು ಇದ್ದ ಜಾಗ ತೋರಿಸಿದೆ. ಆಮೇಲೆ ಸ್ಟೂಲು, ಕಪಾಟಿನ ಬಾಗಿಲು, ಮಗಳ ತೊಟ್ಟಿಲು, ಎಲ್ಲದಕ್ಕೂ ನನ್ನ ಕೈ ಆಗಬೇಕಿತ್ತು. ಹಾಗೆಯೇ ನನ್ನ ಸಾರಿಗೆ ಅವರ ನಾಲಿಗೆ. ಒಲೆಯ ಮೇಲಿಂದ ಇಳಿಸುವ ಮೊದಲು ಅವರ ಅಂಗೈಗೆ ಒಂದು ಹನಿ ಹಾಕುತ್ತಿದ್ದೆ. ನೆಕ್ಕಿ, "ಪಾಸ್," ಎನ್ನುತ್ತಿದ್ದರು. ಇಲ್ಲದಿದ್ದರೆ, "ಉಪ್ಪು ರಜಾ ಹಾಕೈತಿ."

ಅಂದು ಮಧ್ಯಾಹ್ನ ತಂದೆ ಮಗಳು ನಗುತ್ತಲೇ ಮನೆಗೆ ಬಂದರು. ಇವರ ಹೆಗಲ ಮೇಲೆ ಒಂದು ಕಂಬವಿತ್ತು.

"ಮಮ್ಮಿ, ಪಪ್ಪಾ ಏನು ಮಾಡಿದಾ ಗೊತ್ತಾ? ಕಂಬ ಕಟ್ ಮಾಡಿದಾ, ಏಕ್‌ದಂ ಪರ್ಫೆಕ್ಟ್, ರೂಲ್ಸ್‌ನಲ್ಲಿ ಎಷ್ಟು ಹೈಟ್ ಇದೆ, ಅಷ್ಟೇ. ಟೀಚರ್ ಬಂದು ಕೇಳಿದ್ರು, ಸರ್, ಮಣ್ಣಿನ ಒಳಗೆ ಏನು ಹೂಳೋದು?"

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಕಂಬ ನೆಲದ ಮೇಲೆ ಎಷ್ಟು ಎತ್ತರ ಇರಬೇಕೋ ಅಷ್ಟಕ್ಕೇ ಕೂದಲೆಳೆಯೂ ತಪ್ಪದಂತೆ ಕತ್ತರಿಸಿದ್ದರು. ನೆಲದೊಳಗೆ ಹೋಗುವ ಪಾಲನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಬ್ಬಿಣದ ಕೆಲಸದವರು ಮಾಡುವ ತಪ್ಪು ಅದು. ಅವರ ಕೈಯಲ್ಲಿ ಆಗುವ ಯಾವ ವಸ್ತುವೂ ಮಣ್ಣಿಗೆ ಹೋಗುವುದಿಲ್ಲ. ಎರಡನೆಯ ಕಂಬವನ್ನು ಮಕ್ಕಳೇ ಉದ್ದ ಬಿಟ್ಟು ಕತ್ತರಿಸಿದರಂತೆ. ಇದಕ್ಕೆ ಇಡೀ ವರ್ಗ ಗಿಡ್ಡ ಕಂಬ ಎಂದು ಹೆಸರಿಟ್ಟಿತ್ತು.

"ನಗ್ರಿ, ನಗ್ರಿ. ಕೆಳಗ ಕಬ್ಬಿಣದ ಪೈಪ್ ಹಾಕಿದ್ರ ಆತು. ಪೈಪ್ ಮಣ್ಣಾಗ, ಕಂಬ ಮ್ಯಾಲೆ. ಹುಳ ಹಿಡಿಯೂದಿಲ್ಲ, ಕೊಳಿಯೂದಿಲ್ಲ. ಉದ್ದ ಕಂಬಕ್ಕಿಂತ ಗಿಡ್ಡಂದಽ ಗಟ್ಟಿ ಆಗ್ತೈತಿ ನೋಡ್ರಿ ಬೇಕಾದ್ರ," ಎಂದರು.

"ಹಾಗಾದ್ರೆ ನಾಳೆನೇ ಪೈಪ್ ತಾ ಪಪ್ಪಾ. ಸೋಮವಾರ ಪ್ರಾಕ್ಟೀಸ್ ಇದೆ."

ಆಮೇಲೆ ನನ್ನನ್ನು ಕರೆದರು. ಕಂಬವನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಕೆಡವಿದ ಯಾವುದೋ ಹಳೆಯ ಕಟ್ಟಡದ ಸಾಗುವಾನಿ ತೊಲೆ, ಈಗ ದುಂಡಗೆ, ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ನಾನು ಬುಡದಿಂದ ಮೇಲಕ್ಕೆ ಕೈಯಾಡಿಸಿದೆ. ತುದಿಗೆ ಸ್ವಲ್ಪ ಕೆಳಗೆ, ಹಿಡಿಯುವ ಕೈ ಬೀಳುವ ಜಾಗದಲ್ಲಿ, ಬೆರಳಿನಷ್ಟು ಅಗಲ ತರಕಲು ಇತ್ತು.

"ಇಲ್ಲೈತಿ ನೋಡ್ರಿ."

"ಫೇಲ್ ಮಾಡಿದಿ? ಆತು, ನಾಳೆ ಪೈಪ್ ತಂದ ಮ್ಯಾಲೆ ಎರಡೂ ಕೂಡೇ ಮಾಡ್ತೀನಿ," ಎಂದು ಕಂಬವನ್ನು ಬಾಗಿಲ ಹಿಂದೆ ಇಟ್ಟರು.

ರವಿವಾರ ಕುರ್ಲಾದ ಹಳೆಯ ಕಬ್ಬಿಣದ ಅಂಗಡಿಗಳಿಗೆ ಹೋಗಿ ಪೈಪು ಆರಿಸಿಕೊಂಡಿದ್ದಾರೆ. ಲೋಕಲ್ ರೈಲಿನಲ್ಲಿ ವಾಪಸು ಬಂದು, ನಮ್ಮ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕುಳಿತರಂತೆ. ಯಾರೋ ನೀರು ಕೊಟ್ಟಿದ್ದಾರೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಸಂಜೆ ಒಬ್ಬ ಪೊಲೀಸ್ ನನ್ನ ಕೈಗೆ ಅವರ ಚೀಲ ಕೊಟ್ಟ. ಅದೇ ಡಬ್ಬಿಯ ಚೀಲ. ಅದು ಅಷ್ಟು ಭಾರ ಇರುತ್ತದೆಂದು ತಿಳಿಯದೆ ಹಿಡಿದೆ, ಕೈ ಜಗ್ಗಿತು. ಒಳಗೆ ಪೈಪಿನ ತುಂಡು ಇತ್ತು.

ಊರಿನಿಂದ ಬಂದವರು ಕಾರ್ಯ ಮುಗಿಸಿ ಹೋದ ಮೇಲೆ ನನಗೆ ಒಂದು ಕಡೆ ಕೂರಲು ಆಗದಂತಾಯಿತು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡಿ ಬರುತ್ತಿದ್ದೆ, ಬಂದ ಕೂಡಲೇ ಮತ್ತೆ ಹೋಗುತ್ತಿದ್ದೆ. ತರಕಾರಿಗೆಂದು ಕೆಳಗಿಳಿದವಳು ಹೆದ್ದಾರಿಯ ತನಕ ನಡೆದುಬಿಟ್ಟಿರುತ್ತಿದ್ದೆ. ಫ್ಯಾಕ್ಟರಿಯ ಕಾಗದಪತ್ರಕ್ಕೆಂದು ಫೋರ್ಟಿನ ಬ್ಯಾಂಕಿಗೆ ಹೊರಟಾಗ ದಾದರ್‌ನಲ್ಲಿಯೇ ಇಳಿದು, ಯಾಕೆ ಇಳಿದೆನೆಂದು ತಿಳಿಯದೆ ಪ್ಲಾಟ್‌ಫಾರ್ಮಿನ ಮೇಲೆ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಕಾಲಿಗೆ ಏನೋ ನೆನಪಿತ್ತು, ನನಗೆ ಹೇಳುತ್ತಿರಲಿಲ್ಲ.

ಮಗಳದು ಬೇರೆ ರೀತಿ. ಅವಳು ಅಲ್ಲಾಡುವುದನ್ನೇ ಬಿಟ್ಟಳು. ಶಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಮೈದಾನಕ್ಕೆ ಇಳಿಯಲಿಲ್ಲ. ಆಟದ ಬೂಟು ಮಂಚದ ಕೆಳಗೆ ಪೈಪಿನ ಪಕ್ಕ ಬಿದ್ದಿತ್ತು. ಬಾಗಿಲ ಹಿಂದಿನ ಕಂಬ ಕಾಣಬಾರದೆಂದು ಬಾಗಿಲನ್ನು ಯಾವಾಗಲೂ ಪೂರ್ತಿ ತೆರೆದಿಡುತ್ತಿದ್ದಳು. ತಂಡದ ಹುಡುಗಿಯರು ಕರೆಯಲು ಬಂದರೆ ಹೊಟ್ಟೆನೋವು ಎನ್ನುತ್ತಿದ್ದಳು.

ಒಂದು ಸಂಜೆ ನಾನು ಆ ಬಾಗಿಲನ್ನು ಕಸ ಗುಡಿಸಲೆಂದು ಮುಂದಕ್ಕೆ ಎಳೆದೆ. "ಮುಚ್ಚಬೇಡ!" ಎಂದು ಕೂಗಿದಳು. ನಾನು ಕಸಬರಿಗೆ ಹಿಡಿದುಕೊಂಡೇ ನಿಂತೆ.

"ನಾನೇ ಹೇಳಿದ್ದು ನಾ ಮಮ್ಮಿ. ನಾಳೆನೇ ತಾ ಅಂತ. ಸಿಬಿರು ಹೋಗಿದ್ದೂ ನನ್ನ ಕೈಗೇ."

"ಡಾಕ್ಟರ್ ಹೇಳ್ಯಾರಲ್ಲ ಪುಟ್ಟಾ. ಎದಿಯೊಳಗ ಮೊದಲಿಂದನಽ ಕಟ್ಟಿತ್ತಂತ. ಮನ್ಯಾಗ ಕುಂತಿದ್ರೂ ಆಗ್ತಿತ್ತು."

"ಮನೇಲಿ ಇದ್ದಿದ್ರೆ ನಾವಿರ್ತಿದ್ವಿ," ಎಂದಳು.

ನಾನು ಗುಡಿಸಿದ ಜಾಗವನ್ನೇ ಗುಡಿಸಿದೆ. ಅಷ್ಟು ದಿನ ನನಗೆ ಒಂದೇ ಭಯವಿತ್ತು, ಮನೆ ಹೇಗೆ ನಡೆಯುತ್ತದೆ ಎಂದು. ಆ ಸಂಜೆಯಿಂದ ಇನ್ನೊಂದು ಭಯ ಹೊಕ್ಕಿತು. ಇವಳು ಇನ್ನು ಯಾವತ್ತೂ ಓಡುವುದಿಲ್ಲ, ಆ ಒಂದು ಮಾತನ್ನು ಹಿಡಿದುಕೊಂಡು ಹೀಗೇ ಕುಳಿತುಬಿಡುತ್ತಾಳೆ ಎಂದು.

ಕೆಲವು ದಿನಗಳ ಮೇಲೆ ಪಿ.ಟಿ. ಟೀಚರ್ ಫೋನ್ ಮಾಡಿದರು. ಉಡುಪಿ ಕಡೆಯ ಹೆಂಗಸು, ಮಾತು ಮೆಲ್ಲಗೆ.

"ಅಕ್ಕ, ಕೇಳ್ಲಿಕ್ಕೆ ಹೆದರಿಕೆ ಆಗ್ತದೆ. ಆ ಗಿಡ್ಡ ಕಂಬ ನಿಮ್ಮಲ್ಲೇ ಉಂಟಲ್ಲ? ವಾರ್ಡಿನ ಮ್ಯಾಚು ಈ ಸಲ ನಮ್ಮ ಮೈದಾನದಲ್ಲೇ. ಹೊಸದು ತರಿಸುವ ಅಂದ್ರೆ ಮಕ್ಕಳು ಕೇಳುದಿಲ್ಲ ಮಾರಾಯ್ರೆ. ಸರ್‌ದೇ ಬೇಕಂತೆ. ಶನಿವಾರ ಮಕ್ಕಳೇ ಮುಗಿಸ್ತಾರಂತೆ."

"ತರ್ತೀನ್ರಿ," ಎಂದುಬಿಟ್ಟೆ. ಎಲ್ಲಿಗಾದರೂ ಹೋಗುವುದಿದ್ದರೆ ಸಾಕಾಗಿತ್ತು ನನಗೆ.

ಶನಿವಾರ ರಿಕ್ಷಾದಲ್ಲಿ ಕಂಬವನ್ನು ಅಡ್ಡ ಇಟ್ಟುಕೊಂಡೆ. ಒಂದು ತುದಿ ಹೊರಗೆ ಚಾಚಿತ್ತು. ಮಗಳು ಇನ್ನೊಂದು ಪಕ್ಕಕ್ಕೆ ಮುಖ ತಿರುಗಿಸಿ ಕುಳಿತಳು. ನನ್ನ ತೊಡೆಯ ಮೇಲೆ ಪೈಪಿನ ಚೀಲ.

ಶಾಲೆಯ ಹಿಂದಿನ ಶೆಡ್ಡಿನಲ್ಲಿ ಮಕ್ಕಳು ನನಗೆ ಕುರ್ಚಿ ಹಾಕಿದರು. ನಾನು ಕೂರಲಿಲ್ಲ. ಪೈಪಿನ ಬಾಯಿಗೆ ಕಂಬದ ಬುಡ ಇಟ್ಟು ನೋಡಿದರೆ ಒಂದಿಷ್ಟು ದಪ್ಪ. ಅವರು ಕಲಿಸಿದಂತೆ ಮಕ್ಕಳು ಬುಡದ ಸುತ್ತ ಗೆರೆ ಹಾಕಿಕೊಂಡು, ಪಾಳಿಯ ಮೇಲೆ ಕೀಸಿದರು. ಒಬ್ಬ ಹುಡುಗ ಆತುರಪಟ್ಟು ಒಂದು ಕಡೆ ಹೆಚ್ಚು ಕೀಸಿದ, ಉಳಿದವರು ಅವನನ್ನು ಬೈದರು. "ಸರ್ ಇದ್ದಿದ್ರೆ ಏನು ಹೇಳ್ತಿದ್ರು?" ಎಂದು ಒಬ್ಬಳು ಕೇಳಿದಳು. "ಲೇ, ಅದು ಸವತಿಕಾಯಿ ಅಲ್ಲ!" ಎಂದು ನಾಲ್ಕೈದು ದನಿ ಒಟ್ಟಿಗೆ ಬಂದವು, ಅವರದೇ ಧಾಟಿಯಲ್ಲಿ. ತಮ್ಮತಮ್ಮಲ್ಲಿ ಹಿಂದಿ ಮರಾಠಿ ಆಡುವ ಮಕ್ಕಳ ಬಾಯಲ್ಲಿ ಧಾರವಾಡದ ಕನ್ನಡ. ನಾನು ನೀರು ಕುಡಿಯುವ ನೆವದಲ್ಲಿ ಹೊರಗೆ ಹೋಗಿ ಬಂದೆ. ಮಗಳು ಶೆಡ್ಡಿನ ಬಾಗಿಲಲ್ಲಿಯೇ ನಿಂತಿದ್ದಳು, ಒಳಗೂ ಇಲ್ಲ, ಹೊರಗೂ ಇಲ್ಲ.

ಕಂಬ ಪೈಪಿನೊಳಗೆ ಬಿಗಿಯಾಗಿ ಕುಳಿತಿತು. ಅಡ್ಡಲಾಗಿ ಬೋಲ್ಟು ಬಿಗಿದರು. ಟೀಚರ್, "ಆಯ್ತಾ? ಹಾಗಾದ್ರೆ ಮೈದಾನಕ್ಕೆ ತಕ್ಕೊಂಡು ಹೋಗುವ," ಎಂದರು.

"ನೋ ಟೀಚರ್, ಇನ್‌ಸ್ಪೆಕ್ಷನ್ ಬಾಕಿ ಇದೆ. ಸರ್ ಹೇಳಿದ್ದಾರೆ, ಮಾಡಿದವರು ಪಾಸ್ ಮಾಡಬಾರದು. ಸರ್‌ದು ಇನ್‌ಸ್ಪೆಕ್ಟರ್ ಮನೇಲಿ ಇದ್ದಾರೆ ಅಂದಿದ್ರು," ಎಂದಳು ಅದೇ ಹುಡುಗಿ. ಎಲ್ಲರೂ ನನ್ನ ಕಡೆ ತಿರುಗಿದರು.

ಅವರು ನನ್ನ ಬಗ್ಗೆ ಶಾಲೆಯಲ್ಲಿ ಹೀಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬುಡದಿಂದ ಮೇಲಕ್ಕೆ ಕೈಯಾಡಿಸಿದೆ. ತುದಿಗೆ ಸ್ವಲ್ಪ ಕೆಳಗೆ ಆ ತರಕಲು ಹಾಗೇ ಇತ್ತು. ಅಲ್ಲಿ ನನ್ನ ಕೈ ನಿಂತಿತು. ಅದು ಅವರು ರವಿವಾರಕ್ಕೆ ಎತ್ತಿಟ್ಟ ಕೆಲಸ. ಅದನ್ನು ಉಜ್ಜಿ ಬಿಟ್ಟರೆ ಅವರು ಬಾಕಿ ಇಟ್ಟುಹೋದದ್ದು ಇನ್ನೇನೂ ಇರುವುದಿಲ್ಲ.

ಬಾಗಿಲಲ್ಲಿದ್ದ ಮಗಳು ಒಳಗೆ ಬಂದಳು. ನನ್ನ ಕೈ ಸರಿಸಿ ತನ್ನ ಅಂಗೈ ಇಟ್ಟು ನೋಡಿದಳು. "ಫೇಲ್," ಎಂದಳು. ಸ್ಯಾಂಡ್‌ಪೇಪರ್ ತೆಗೆದುಕೊಂಡು ಉಜ್ಜತೊಡಗಿದಳು. ಬಹಳ ಹೊತ್ತು ಉಜ್ಜಿದಳು, ಬೇಕಾದದ್ದಕ್ಕಿಂತ ಹೆಚ್ಚೇ. ಮರದ ಹೊಟ್ಟು ಅವಳ ಕೆನ್ನೆಗೆ ಅಂಟಿಕೊಂಡಿತ್ತು. ಆಮೇಲೆ, "ಮಮ್ಮಿ, ನೋಡು," ಎಂದಳು. ನಾನು ನೋಡಿದೆ. "ಪಾಸ್," ಎಂದೆ.

ಸೋಮವಾರ ಮಂಚದ ಕೆಳಗಿನ ಬೂಟು ಇರಲಿಲ್ಲ.

ವಾರ್ಡಿನ ಫೈನಲ್ಲಿಗೆ ನನ್ನನ್ನೂ ಕರೆದರು. ಬೇರೆ ತಾಯಂದಿರು ಮೆಟ್ಟಿಲ ಮೇಲೆ ಕುಳಿತು ಕೂಗುತ್ತಿದ್ದರು. ನನಗೆ ಅಲ್ಲಿಯೂ ಕೂರಲಾಗಲಿಲ್ಲ. ಮೈದಾನದ ಅಂಚಿನಲ್ಲಿ ಸುತ್ತು ಹಾಕಿದೆ. "ಅಹೋ ಬಾಯಿ, ಬಸಾ ನಾ!" ಎಂದು ಅಂಪೈರ್ ಗದರಿಸಿದ, ಕುಳಿತಂತೆ ಮಾಡಿ ಮತ್ತೆ ಎದ್ದೆ. ಕೊನೆಯ ನಿಮಿಷಗಳಲ್ಲಿ ನಮ್ಮವರಿಗೆ ಎದುರಿನವರಲ್ಲಿ ಇನ್ನೊಬ್ಬಳು ಔಟ್ ಆದರೆ ಸಾಕಿತ್ತು. ಆ ಹುಡುಗಿ ಗಿಡ್ಡ ಕಂಬದ ಕಡೆಗೇ ಓಡುತ್ತಿದ್ದಳು, ಹಿಂದೆ ನನ್ನ ಮಗಳು. ನಾನು ಬೆನ್ನು ತಿರುಗಿಸಿ ನಲ್ಲಿಯ ಕಡೆಗೆ ನಡೆದುಬಿಟ್ಟೆ. ಕೂಗು ಕೇಳಿಸಿದಾಗ ನಲ್ಲಿ ತಿರುಗಿಸುತ್ತಿದ್ದೆ. ತಿರುಗಿ ನೋಡಿದರೆ ಅವಳು ಮಣ್ಣಿನಲ್ಲಿ ಮಕಾಡೆ ಬಿದ್ದಿದ್ದಳು, ಎಲ್ಲರೂ ಅವಳ ಮೇಲೆ ಬೀಳುತ್ತಿದ್ದರು. ಕಂಬ ಅಲುಗದೆ ನಿಂತಿತ್ತು.

ಓಡಿ ಬಂದು ಅಂಗೈ ತೋರಿಸಿದಳು. ಬರೀ ಮಣ್ಣು.

ಆಮೇಲೆ ಜಿಲ್ಲೆಯ ಪಂದ್ಯಗಳಿಗೆ ಹೋದರು, ಎರಡನೆಯ ಮ್ಯಾಚಿನಲ್ಲಿ ಸೋತು ಬಂದರು. ಬರುವ ವರ್ಷ ನೋಡೋಣ ಎನ್ನುತ್ತಾಳೆ. ದಿನವೂ ಮೈದಾನಕ್ಕೆ ಹೋಗುತ್ತಾಳೆ. ಆ ರವಿವಾರದ ಮಾತನ್ನು ಮತ್ತೆ ಎತ್ತಿಲ್ಲ. ಮರೆತಿದ್ದಾಳೆಂದು ನಾನು ತಿಳಿದಿಲ್ಲ, ಆದರೆ ಬಾಗಿಲನ್ನು ಈಗ ಮುಚ್ಚುತ್ತಾಳೆ.

ನಾನು ಈಗಲೂ ಒಂದು ಕಡೆ ಕೂರುವುದಿಲ್ಲ. ಅಡಿಗೆ ಮಾಡುವಾಗ ಮಾತ್ರ ಒಲೆಯ ಮುಂದೆ ನಿಲ್ಲಬೇಕಾಗುತ್ತದೆ. ಸಾರು ಕುದಿದ ಮೇಲೆ ಸೌಟು ಎತ್ತುತ್ತೇನೆ, ಎತ್ತಿದ ಕೈ ಹಾಗೇ ನಿಲ್ಲುತ್ತದೆ. ಮಗಳನ್ನು ಕೇಳಿದರೆ, ತಟ್ಟೆಯಿಂದ ತಲೆ ಎತ್ತದೆ, "ಮಸ್ತ್ ಇದೆ ಮಮ್ಮಿ," ಎನ್ನುತ್ತಾಳೆ. ಉಪ್ಪು ಹೆಚ್ಚಾದ ದಿನವೂ ಹಾಗೇ ಅಂದಳು, ಹಾಕದೆ ಬಿಟ್ಟ ದಿನವೂ ಹಾಗೇ ಅಂದಳು. ನನ್ನ ಸಾರನ್ನು ಪಾಸ್ ಮಾಡುವವರು ಮನೆಯಲ್ಲಿ ಇಲ್ಲ.