ನಾಲ್ಕರಲ್ಲೇ ನಿಂತ ಅಂಕಿ

ಆ ಕೋಲ್ಡ್ ಸ್ಟೋರೇಜಿನವರು ಅವಳಿಗೆ ಇನ್ನೂ ಒಂದೂವರೆ ತಿಂಗಳ ಸಂಬಳ ಕೊಡಬೇಕು. ಕೊಡುವುದಿಲ್ಲ ಎಂದು ಅವರೇನೂ ಹೇಳಿಲ್ಲ. ಬಾ, ಈ ಹಾಳೆಗೆ ಒಂದು ಸಹಿ ಹಾಕು, ಎಣಿಸಿಕೊಂಡು ಹೋಗು ಎನ್ನುತ್ತಿದ್ದಾರೆ. ಹಾಳೆಯಲ್ಲಿರುವುದು ಒಂದೇ ಮಾತು: ತಾನು ಕೆಲಸ ಬಿಡುವಾಗ ಕಂಪ್ಯೂಟರಿನಲ್ಲಿದ್ದದ್ದೆಲ್ಲ ಸರಿಯಾಗಿ ನಡೆಯುತ್ತಿತ್ತು. ಅವಳು ಸಹಿ ಹಾಕುತ್ತಿಲ್ಲ.

"ಸಹಿ ತಾನೇ ಕೇಳಿದ್ದು, ಕಿಡ್ನಿ ಕೇಳಿದ್ರಾ?" ಎಂದು ಅತ್ತೆ ಒಲೆಯ ಮುಂದೆ ಕೂತು ದಿನಾ ಗೊಣಗುತ್ತಾಳೆ. "ನಿನ್ನ ಸತ್ಯಾನ ಸೋಸಿ ಕುಡಿಯೋಕಾಗುತ್ತಾ? ಹೋಗಿ ಹಾಕಿ ಬಾರೇ."

ಅತ್ತೆಯ ಮಾತಿನಲ್ಲಿ ತಪ್ಪಿಲ್ಲ. ಹೊಟ್ಟೆ ಯಾವತ್ತೂ ತಪ್ಪು ಲೆಕ್ಕ ಹೇಳುವುದಿಲ್ಲ. ಆದರೆ ಸೊಸೆ ಯಾಕೆ ಹಾಕುತ್ತಿಲ್ಲ ಎನ್ನುವುದು ಅತ್ತೆಗೆ ಗೊತ್ತಿರುವಷ್ಟು ಸಣ್ಣ ಕಥೆಯಲ್ಲ.

ಅವಳನ್ನು ಅಲ್ಲಿ ಎಲ್ಲರೂ ಕೀಬೋರ್ಡಕ್ಕ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ್ದು ಕೀಬೋರ್ಡಿಗಲ್ಲ, ಬಟಾಣಿಗೆ. ತಣ್ಣನೆಯ ಕೋಣೆಯಲ್ಲಿ ಉಣ್ಣೆ ಟೋಪಿ, ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಹಿಮಗಟ್ಟಿದ ಬಟಾಣಿಯನ್ನು ಚೀಲಕ್ಕೆ ತುಂಬಿ ಬಾಯಿ ಅಂಟಿಸುವ ಕೆಲಸ. ಕೆಲವು ವರ್ಷಕ್ಕೆ ಅವಳ ಎಡಗೈ ಬೆರಳ ತುದಿಗಳು ಜೋಮು ಹಿಡಿದವು, ಮತ್ತೆ ಬಿಡಲೇ ಇಲ್ಲ. ಸೂಜಿ ಚುಚ್ಚಿದರೂ ಗೊತ್ತಾಗದ ಬೆರಳು ಚೀಲ ತುಂಬಲು ಬಾರದು, ಆದರೆ ಕೀಲಿ ಒತ್ತಲು ಸಾಕು ಎಂದು ಆಗಿನ ಮ್ಯಾನೇಜರ್ ಅವಳನ್ನು ಆಫೀಸಿಗೆ ಕೂರಿಸಿದ. ಕರುಣೆಯಿಂದಲ್ಲ, ಗುಮಾಸ್ತನಿಗೆ ಕೊಡುವುದಕ್ಕಿಂತ ಅವಳಿಗೆ ಕೊಡುವುದು ಕಡಿಮೆ. ತೂಕದ ಚೀಟಿ ಟೈಪು ಮಾಡುತ್ತಾ, ಪ್ರಿಂಟರ್ ಬಿಚ್ಚಿ ಜೋಡಿಸುತ್ತಾ, ಕೆಟ್ಟದ್ದನ್ನು ಕೆದಕುತ್ತಾ ಅವಳು ಆ ಕಂಪ್ಯೂಟರಿನ ಮೂಳೆ ಮೂಳೆಯನ್ನೂ ಕಲಿತಳು. ಅವಳು ಎದ್ದ ಜಾಗಕ್ಕೆ, ಅವಳ ಮನೆಯಲ್ಲೇ ಇರುವ ತಂಗಿ ಬಂದು ಕೂತಳು. ಚಳಿಯ ಕೋಣೆಯಲ್ಲಿ ಜಾಗ ಯಾವತ್ತೂ ಖಾಲಿ ಇರುವುದಿಲ್ಲ.

ಅಂಥ ಕೋಣೆಯನ್ನು ತಣ್ಣಗಿಡುವುದು ಅಮೋನಿಯಾ. ಗೋಡೆಯ ಮೇಲೆಲ್ಲ ಅದರ ಕೊಳವೆ. ಒಂದು ಜೋಡಣೆ ಬಿಟ್ಟುಕೊಂಡರೆ ಗಂಟಲು, ಕಣ್ಣು, ಪುಪ್ಪುಸ, ಈ ಕ್ರಮದಲ್ಲಿ ಮನುಷ್ಯನನ್ನು ಸುಡುತ್ತದೆ. ವಾಸನೆ ಬರುವುದಿಲ್ಲವೇ ಎಂದು ಕೇಳಬೇಡಿ. ಸಣ್ಣ ವಾಸನೆ ಅಲ್ಲಿ ದಿನಾ ಇರುತ್ತದೆ. ಶೀತ ಹತ್ತಿದ ಮೂಗಿಗೆ ಅದು ಅಭ್ಯಾಸ. ಇನ್ನು ದೊಡ್ಡ ವಾಸನೆ ಬರುವಷ್ಟರಲ್ಲಿ, ಹಿಮ ಕಟ್ಟಿ ಬಿಗಿದ ಬಾಗಿಲ ಚಿಲಕವನ್ನು ಒದ್ದು ತೆಗೆಯಲು ಉಸಿರು ಉಳಿದಿರಬೇಕಲ್ಲ. ಅದಕ್ಕೆಂದೇ ಒಳಗೆ ಗ್ಯಾಸು ಮೂಸುವ ಒಂದು ಸೆನ್ಸರ್ ಇದೆ. ಅದರ ವೈರು ಆಫೀಸಿನ ಕಂಪ್ಯೂಟರಿಗೆ ಬರುತ್ತದೆ, ಪರದೆಯ ಮೂಲೆಯಲ್ಲಿ ಒಂದು ಅಂಕಿ, ಪಕ್ಕದಲ್ಲಿ ಒಂದು ಹಸಿರು ದೀಪ. ಅಂಕಿ ಮಿತಿ ದಾಟಿದರೆ ದೀಪ ಕೆಂಪಾಗಿ ಒಳಗೂ ಹೊರಗೂ ಗಂಟೆ ಹೊಡೆದುಕೊಳ್ಳುತ್ತದೆ.

ಆ ಗಂಟೆಯನ್ನು ನಂಬದವನು ಒಬ್ಬನೇ ಇದ್ದ. ಕಂಪ್ರೆಸರ್ ನೋಡಿಕೊಳ್ಳುವವನು. ಹಿಂದೊಮ್ಮೆ ಗ್ಯಾಸು ಕುಡಿದು ಅವನ ಗಂಟಲು ಹರಿದ ಡೋಲಾಗಿತ್ತು, ಹಾಗಾಗಿ ಗೊಗ್ಗರಣ್ಣ. ಅವನು ಪ್ರತಿ ಸೋಮವಾರ ಒಂದು ಹಳೇ ಬಟ್ಟೆಗೆ ಅಮೋನಿಯಾ ದ್ರಾವಣ ಅದ್ದಿ, ಕೋಲಿಗೆ ಸುತ್ತಿ, ಸೆನ್ಸರಿನ ಮೂಗಿಗೆ ಹಿಡಿಯುತ್ತಿದ್ದ. ಗಂಟೆ ಹೊಡೆದರೆ, "ಬದುಕಿದೆ ಮುದುಕಿ," ಎಂದು ಹೊರಗೆ ಬರುತ್ತಿದ್ದ. ಹೆಂಗಸರೂ ನಗುತ್ತ ಹೊರಗೆ ಬಂದು ಕೈ ಕಾಯಿಸಿಕೊಂಡು ಒಳಗೆ ಹೋಗುತ್ತಿದ್ದರು. ಹೊಸ ಮ್ಯಾನೇಜರ್ ಬಂದು ಮೊದಲು ನಿಲ್ಲಿಸಿದ್ದೇ ಇದನ್ನು. "ಬೆಂಕಿ ಇಲ್ದೇನೇ ನೀರು ಹೊತ್ಕೊಂಡು ಓಡಾಡ್ತೀರಲ್ಲ ವಾರ ವಾರ," ಎಂದ. "ಅಷ್ಟು ಹೊತ್ತಲ್ಲಿ ಒಂದು ಲೋಡು ಹೋಗುತ್ತೆ."

ಎರಡನೆಯದಾಗಿ ಅವನು ತಂದದ್ದು ಕ್ಯಾಮೆರಾ. ಬಾಗಿಲ ಮೇಲೆ ಕೂತು ಹೆಂಗಸರ ಮುಖ ಗುರುತು ಹಿಡಿದು, ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಸಲ ಹೊರಗೆ ಹೋದರು, ಎಷ್ಟು ಹೊತ್ತು ಹೋದರು ಎಂದು ಬರೆದಿಡುವ ಕ್ಯಾಮೆರಾ.

"ಇದಕ್ಕೇನೋ ಲೈಬ್ರರಿ ಹಾಕ್ಬೇಕಂತೆ," ಎಂದು ಅವನು ಫೋನಿನಲ್ಲಿದ್ದ ಒಂದು ಸಾಲನ್ನು ಕೀಬೋರ್ಡಕ್ಕನಿಗೆ ತೋರಿಸಿದ. "ಮಾರಿದೋನು ಕಳ್ಸಿದಾನೆ. ಇದನ್ನ ಹಂಗೇ ಟೈಪು ಮಾಡಿದ್ರೆ ಆಯ್ತಂತೆ."

ಲೈಬ್ರರಿ ಎಂದರೆ ಪುಸ್ತಕ ಜೋಡಿಸಿಟ್ಟ ಕೋಣೆಯಲ್ಲ. ಯಾರೋ ಮುಖ ಕಾಣದವರು ಬರೆದಿಟ್ಟ ಪ್ರೋಗ್ರಾಮಿನ ತುಂಡುಗಳ ಗಂಟು. ಅದನ್ನು ಹೊತ್ತು ತರಲು ಪ್ಯಾಕೇಜ್ ಮ್ಯಾನೇಜರ್ ಎಂಬ ಕೂಲಿಯಾಳು. ಕಪ್ಪು ಕಿಟಕಿ ತೆರೆದು, ಇನ್‌ಸ್ಟಾಲ್ ಎಂದು ಬರೆದು, ಮುಂದೆ ಬೇಕಾದದ್ದರ ಹೆಸರು ಕೊಟ್ಟು ಎಂಟರ್ ಒತ್ತಿದರೆ ಅದು ಇಂಟರ್‌ನೆಟ್ಟಿಗೆ ಓಡಿ ತಂದು ಇಳಿಸುತ್ತದೆ. ಆದರೆ ನೆಂಟನೊಬ್ಬನನ್ನು ಕರೆದರೆ ಅವನೊಬ್ಬನೇ ಬರುವುದಿಲ್ಲ. ಅವನ ಭಾವ, ಭಾವನ ತಮ್ಮ, ತಮ್ಮನ ಷಡ್ಡಕ ಎಲ್ಲ ಹಿಂದೆಯೇ ಬರುತ್ತಾರೆ. ಬಂದವರಲ್ಲೊಬ್ಬ ಹೊಸ ಮಂಚ ಹಾಕು ಎನ್ನುತ್ತಾನೆ. ಹಾಕಬೇಕಾದರೆ ಹಳೇ ಮಂಚದಲ್ಲಿ ಮಲಗಿರುವ ಮನೆಯ ಮುದುಕನನ್ನು ಎಬ್ಬಿಸಿ ಹೊರಗೆ ಕಳಿಸಬೇಕು.

ಅವಳು ಸಾಲನ್ನು ಟೈಪು ಮಾಡಿ ಎಂಟರ್ ಒತ್ತಿದಳು. ಪಾಸ್‌ವರ್ಡ್ ಕೇಳಿತು. ಅಲ್ಲಿಯ ಪದ್ಧತಿಯೇ ಹಾಗೆ: ಪಾಸ್‌ವರ್ಡ್ ಅವನದು, ಬೆರಳು ಅವಳದು. ಮ್ಯಾನೇಜರ್ ಬಗ್ಗಿ, ಎಡಗೈಯನ್ನು ಅಡ್ಡ ಹಿಡಿದು, ಒಂದೇ ಬೆರಳಿನಲ್ಲಿ ಕುಟ್ಟಿದ. ಕಪ್ಪು ಕಿಟಕಿಯಲ್ಲಿ ಸಾಲು ಸಾಲಾಗಿ ಹೆಸರುಗಳು ಇಳಿದವು: ಇವನ್ನು ಹೊಸದಾಗಿ ಹಾಕುತ್ತೇನೆ, ಇವನ್ನು ಮೇಲಕ್ಕೇರಿಸುತ್ತೇನೆ, ಇವನ್ನು ತೆಗೆಯುತ್ತೇನೆ. ಮುಂದುವರಿಯಲೇ? ಹೌದಾದರೆ ವೈ, ಬೇಡವಾದರೆ ಎನ್.

ಅವಳು ಕೈ ಹಿಂದೆಗೆದಳು.

"ಸಾರ್, ಇದು ಹಳೇದೊಂದನ್ನ ತೆಗೀತೀನಿ ಅಂತಿದೆ."

"ತೆಗೀಲಿ. ಹಳೇದು ಇಟ್ಕೊಂಡು ಏನು, ಉಪ್ಪಿನಕಾಯಿ ಹಾಕ್ತೀಯಾ?"

"ಗ್ಯಾಸಿನ ಪ್ರೋಗ್ರಾಮು ನಿಂತಿರೋದು ಅದರ ಮೇಲೇನೇ. ಸೆನ್ಸರ್ ಹೇಳೋದನ್ನ ಓದೋದು ಅದು. ಹೊಸದು ಬಂದ್ರೆ ಇದಕ್ಕೂ ಅದಕ್ಕೂ ಹೊಂದಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಆಗುತ್ತೆ. ಕ್ಯಾಮೆರಾಗೆ ಬೇರೆ ಮಿಷನ್ ಕೊಡಿ. ಇಲ್ಲಾಂದ್ರೆ ಇದರಲ್ಲೇ ಬೇರೆ ಗೂಡು ಮಾಡಿ ಹಾಕ್ತೀನಿ, ನಾಳೆ ಸಾಯಂಕಾಲದವರೆಗೂ ಬಿಡಿ."

"ನಾಳೆ ಬೆಳಿಗ್ಗೆ ಯಜಮಾನ್ರು ಬರ್ತಾರೆ. ಅಷ್ಟರಲ್ಲಿ ಇದು ಮುಖ ತೋರಿಸ್ಬೇಕು." ಅವನು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ. "ಒಂದು ಅಕ್ಷರ ಒತ್ತೋಕೆ ಇಷ್ಟು ಪುರಾಣಾನಾ? ನಿನ್ನ ಕೈಲಾಗಲ್ಲ ಅಂದ್ರೆ ಹೇಳು, ಬಟಾಣಿ ಕಾಯ್ತಾ ಇದೆ."

ಅವಳು ಒತ್ತಿದಳು. ಇದನ್ನು ಮುಚ್ಚಿಡುವುದಕ್ಕೆ ನಾನು ಅವಳ ವಕೀಲನಲ್ಲ, ಅವಳೂ ಮುಚ್ಚಿಡುವುದಿಲ್ಲ. ಜೋಮು ಹಿಡಿದ ಬೆರಳಿನಲ್ಲೇ ಒತ್ತಿದೆ, ಒತ್ತಿದ್ದೂ ಗೊತ್ತಾಗಲಿಲ್ಲ ಎನ್ನುತ್ತಾಳೆ.

ಇಳಿಯುವುದೆಲ್ಲ ಇಳಿಯಿತು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಕ್ಯಾಮೆರಾ ಮ್ಯಾನೇಜರನ ಮುಖ ಹಿಡಿದು ಸುತ್ತ ಒಂದು ಚೌಕ ಹಾಕಿತು. ಅವನು ಹಲ್ಲು ಬಿಟ್ಟ. ಮೂಲೆಯಲ್ಲಿ ಗ್ಯಾಸಿನ ಅಂಕಿಯೂ ಬಂತು: ನಾಲ್ಕು. ಹಸಿರು ದೀಪವೂ ಬಂತು. "ನೋಡು," ಎಂದ ಮ್ಯಾನೇಜರ್, "ಸುಮ್ನೆ ಹೆದರಿಸ್ತೀಯ." ಅವಳಿಗೂ ಎದೆ ಹಗುರಾಯಿತು. ಹಸಿರಿದೆ ಎಂದರೆ ಸರಿಯಿದೆ ಎಂದು ಅಲ್ಲಿ ಎಲ್ಲರೂ ಕಲಿತಿದ್ದರು.

ಮರುದಿನ ಹೆಂಗಸರು ಕ್ಯಾಮೆರಾದ ಕೆಳಗೆ ಟೋಪಿ ತೆಗೆದು, ಮುಖವಸ್ತ್ರ ಇಳಿಸಿ, ಒಬ್ಬೊಬ್ಬರಾಗಿ ನಿಂತರು.

"ಗಂಡನೂ ಇಷ್ಟು ನೆಟ್ಟಗೆ ನೋಡಿರ್ಲಿಲ್ಲ ನನ್ನ," ಎಂದಳು ಒಬ್ಬಳು.

"ನೋಡಿದ್ದ, ಅದಕ್ಕೇ ಓಡಿಹೋದ," ಎಂದಳು ಕೀಬೋರ್ಡಕ್ಕನ ತಂಗಿ. ಸಾಲು ಇಡೀ ನಕ್ಕಿತು. ಬಾಗಿಲು ಮುಚ್ಚಿತು.

ಮಧ್ಯಾಹ್ನ ತೂಕದ ಚೀಟಿ ಹೊಡೆಯುತ್ತಿದ್ದಾಗ ಅವಳ ಕಣ್ಣು ಮೂಲೆಗೆ ಹೋಯಿತು. ನಾಲ್ಕು. ಬೆಳಿಗ್ಗೆ ನೋಡಿದಾಗಲೂ ನಾಲ್ಕು. ಆ ಅಂಕಿ ಯಾವತ್ತೂ ಹಾಗೆ ನಿಲ್ಲುತ್ತಿರಲಿಲ್ಲ. ಬಾಗಿಲು ತೆರೆದರೆ ಮೂರಾಗುತ್ತಿತ್ತು, ಕಂಪ್ರೆಸರ್ ಏದುಸಿರು ಬಿಟ್ಟರೆ ಐದಾಗುತ್ತಿತ್ತು. ನಿದ್ದೆಯಲ್ಲಿರುವ ಮಗುವಿನ ಹೊಟ್ಟೆಯಂತೆ ಏರಿ ಇಳಿಯುತ್ತಲೇ ಇತ್ತು. ಈಗ ಬಾಗಿಲು ಎರಡು ಸಲ ತೆರೆದು ಮುಚ್ಚಿತು. ನಾಲ್ಕು.

ಅವಳು ಪ್ರೋಗ್ರಾಮನ್ನು ಬಿಚ್ಚಿ ಓದಿದಳು. ಹಿಂದೆ ಒಮ್ಮೆ ವೈರು ಸಡಿಲಾಗಿ ಸುಳ್ಳು ಗಂಟೆ ಹೊಡೆದು ಕೆಲಸ ನಿಂತಿತ್ತಂತೆ. ಯಜಮಾನರು ಕೂಗಾಡಿದ್ದರಿಂದ ಬರೆದವನು ಒಂದು ಉಪಾಯ ಮಾಡಿದ್ದ: ಸೆನ್ಸರನ್ನು ಓದಲಾಗದಿದ್ದರೆ ಗಂಟೆ ಹೊಡೆಯಬೇಡ, ಕೊನೆಗೆ ಓದಿದ ಅಂಕಿಯನ್ನೇ ತೋರಿಸುತ್ತಿರು. ಆರಿಸಿ ಹಚ್ಚಿದರೂ ಅದನ್ನೇ ತೋರಿಸು. ಹೆಣಕ್ಕೆ ಕನ್ನಡಕ ಹಾಕಿ ಕೂರಿಸಿದ ಹಾಗೆ.

ಗೊಗ್ಗರಣ್ಣನಿಗೆ ಫೋನು ಮಾಡಿದಳು. ಅವನು ಪ್ರಶ್ನೆ ಕೇಳಲಿಲ್ಲ. ಹೆಂಗಸರು ಊಟಕ್ಕೆ ಹೊರಬಂದ ಹೊತ್ತು ನೋಡಿ, ಬಟ್ಟೆ ಅದ್ದಿ ಕೋಲಿಗೆ ಸುತ್ತಿ ಒಳಗೆ ಹೋದ. ಅವಳು ಫೋನು ಕಿವಿಗಿಟ್ಟು ಪರದೆಯ ಮುಂದೆ ಕೂತಳು.

"ಹಿಡಿದಿದೀನಿ," ಎಂದಿತು ಗೊಗ್ಗರು ದನಿ. "ಏರ್ತಾ?"

"ಇಲ್ಲಣ್ಣ. ನಾಲ್ಕು."

"ಈಗ? ಮೂಗಿಗೇ ಒತ್ತಿದೀನಿ."

"ನಾಲ್ಕೇ."

ಆ ಕಡೆ ಕೆಮ್ಮು. "ನನ್ನ ಕಣ್ಣು ಉರಿದು ನೀರು ಸುರೀತಿದೆ ತಾಯಿ. ಇನ್ನೂ ಹಸಿರಾ?"

"ಹಸಿರೇ ಅಣ್ಣ. ಸಾಕು, ಹೊರಗೆ ಬಾ."

ಗಂಟೆ ಹೊಡೆಯಲಿಲ್ಲ. ಹೊರಗೆ ಹೆಂಗಸರು ಡಬ್ಬಿ ತೊಳೆಯುವ ಸದ್ದು ಕೇಳುತ್ತಿತ್ತು.

ಇಬ್ಬರೂ ಮ್ಯಾನೇಜರನ ಮುಂದೆ ಹೋಗಿ ನಿಂತರು. ಗೊಗ್ಗರಣ್ಣನ ಕಣ್ಣು ಕೆಂಡವಾಗಿತ್ತು. ಹಳೆಯದನ್ನು ಮತ್ತೆ ಹಾಕಬಹುದು, ಹಾಕಿದರೆ ಕ್ಯಾಮೆರಾ ನಿಲ್ಲುತ್ತದೆ, ಬೇರೆ ಮಿಷನ್ ಬರುವವರೆಗೆ ನಿಲ್ಲಲಿ, ಪಾಸ್‌ವರ್ಡ್ ಹೊಡೆಯಿರಿ ಎಂದಳು ಅವಳು.

"ಕ್ಯಾಮೆರಾ ನಿಲ್ಲಿಸೋ ಹಂಗಿಲ್ಲ. ಯಜಮಾನ್ರು ಬೆಳಿಗ್ಗೆ ತಾನೇ ನೋಡಿ ಬೆನ್ನು ತಟ್ಟಿದಾರೆ," ಎಂದ ಅವನು. "ಸೀಸನ್ ಮುಗೀಲಿ. ಆಮೇಲೆ ನೋಡೋಣ."

"ಅಲ್ಲೀವರೆಗೆ ಗ್ಯಾಸಿಗೆ ಯಾರು ಹೇಳ್ತಾರೆ ಸಾರ್, ಸೀಸನ್ ಮುಗೀಲಿ ಅಂತ?" ಎಂದ ಗೊಗ್ಗರಣ್ಣ.

"ನಿನ್ನ ಗಂಟಲಿಗೆ ಅಷ್ಟು ಮಾತು ಒಳ್ಳೇದಲ್ಲ," ಎಂದ ಮ್ಯಾನೇಜರ್.

ಅಷ್ಟರಲ್ಲಿ ಹೆಂಗಸರು ಮತ್ತೆ ಒಳಗೆ ಹೋಗಿದ್ದರು. ಅವಳು ಆಫೀಸಿನಿಂದ ನೆಟ್ಟಗೆ ಹೋಗಿ, ಬಾಗಿಲ ಪಕ್ಕ ಬಿದ್ದಿದ್ದ ಕಬ್ಬಿಣದ ಕೊಳವೆ ತೆಗೆದುಕೊಂಡು ತಗಡಿನ ಗೋಡೆಗೆ ಬಾರಿಸತೊಡಗಿದಳು. ಚಿಲಕ ತೆಗೆದು, ಹೆಸರು ಹಿಡಿದು ಕೂಗಿ, ಒಬ್ಬೊಬ್ಬರನ್ನೂ ರಟ್ಟೆ ಹಿಡಿದು ಹೊರಗೆ ಎಳೆದಳು. ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡು ಓಡಿಬಂದು ಅಂಗಳದಲ್ಲಿ ನಿಂತರು. ಕಾದರು.

ಏನೂ ಆಗಲಿಲ್ಲ. ಗಾಳಿ ತಣ್ಣಗೆ, ಸ್ವಚ್ಛವಾಗಿ ಬಾಗಿಲಿಂದ ಬಂತು.

"ಗ್ಯಾಸ್ ಎಲ್ಲಿ?" ಎಂದು ಮ್ಯಾನೇಜರ್ ಎಲ್ಲರಿಗೂ ಕೇಳುವಂತೆ ಕೇಳಿದ. "ಮೂಸಿ ನೋಡ್ರಮ್ಮ. ಎಲ್ಲಿದೆ?"

ಇವತ್ತಿಲ್ಲ, ಇದ್ದಾಗ ಹೇಳುವುದು ಸತ್ತಿದೆ ಎಂದು ಅವಳು ಹೇಳಿದಳು. ಲೈಬ್ರರಿ, ಹಳೆಯದು, ಹೊಸದು ಎಂದೆಲ್ಲ ಹೇಳಿದಳು. ಕೈ ಬೆಚ್ಚಗಿರುವವರಿಗೇ ಹತ್ತದ ಮಾತು, ನಡುಗುವವರ ಕಿವಿಗೆ ಎಲ್ಲಿ ಹತ್ತಬೇಕು? ಕ್ಯಾಮೆರಾ ಮಾತ್ರ ತನ್ನ ಕೆಲಸ ತಪ್ಪದೆ ಮಾಡಿತ್ತು: ಅವರು ಹೊರಗೆ ನಿಂತ ಹೊತ್ತನ್ನೆಲ್ಲ ಬರೆದಿಟ್ಟು ಎಲ್ಲರಿಗೂ ಅರ್ಧ ದಿನದ ಕೂಲಿ ಕತ್ತರಿಸಿತು.

"ಅಕ್ಕ, ನಿನ್ನ ಕಂಪ್ಯೂಟರಿನ ಜಗಳಕ್ಕೆ ನಮ್ಮ ಹೊಟ್ಟೆಗೆ ಯಾಕೆ ಹೊಡೀತೀಯ?" ಎಂದಳು ತಂಗಿ ಮನೆಯ ದಾರಿಯಲ್ಲಿ.

"ನಾಳೆ ಹೋಗ್ಬೇಡ ಕಣೇ."

"ನೀನು ಸಾಕ್ತೀಯಾ?"

ಅದೇ ಸಂಜೆ ಅಕ್ಕನ ಕೆಲಸವೂ ಹೋಗಿತ್ತು. ಗೊಗ್ಗರಣ್ಣನನ್ನು ಗೋದಾಮಿನ ಕಾವಲಿಗೆ ಹಾಕಿದ್ದರು, ಕಂಪ್ರೆಸರಿನ ಹತ್ತಿರ ಸುಳಿಯಬಾರದೆಂದು.

ಅವಳು ಕಾರ್ಖಾನೆ ತಪಾಸಣೆಯ ಕಚೇರಿಗೂ ಹೋದಳು. ಅಲ್ಲಿಯವರು ಮರ್ಯಾದೆಯಿಂದಲೇ ಕೂರಿಸಿ, ಅವಳ ಎದುರಿಗೇ ಫೋನು ಮಾಡಿ ವಿಚಾರಿಸಿದರು. ಮ್ಯಾನೇಜರ್ ತಕ್ಷಣ ಪರದೆಯ ಫೋಟೋ ಕಳಿಸಿದ. ಅಧಿಕಾರಿ ಫೋನನ್ನು ಅವಳ ಕಡೆ ತಿರುಗಿಸಿದ. "ನೋಡಮ್ಮ, ಹಸಿರಿದೆಯಲ್ಲ."

ಅಂಕಿ ನಾಲ್ಕೇ ಇತ್ತು.

ಈಗ ಅವಳು ಒಂದು ಜೆರಾಕ್ಸ್ ಅಂಗಡಿಯಲ್ಲಿ ನಿಲ್ಲುತ್ತಾಳೆ. ಬೆಳಿಗ್ಗೆ ತಂಗಿ ಟೋಪಿ ಚೀಲಕ್ಕೆ ತುರುಕಿಕೊಂಡು ಹೊರಟಾಗ ಅವಳು ಬಾಗಿಲವರೆಗೂ ಹಿಂದೆಯೇ ಹೋಗುತ್ತಾಳೆ. ಸಾಯಂಕಾಲ ಚಪ್ಪಲಿಯ ಸದ್ದು ಕೇಳುವವರೆಗೂ ಯಾವ ಹಾಳೆ ಯಾರಿಗೆ ಕೊಟ್ಟೆ ಎಂಬ ನೆನಪಿರುವುದಿಲ್ಲ. ಸಂಜೆ ತಂಗಿ ಕೆಮ್ಮಿದರೆ, ಎದ್ದು ಬಂದು ಅವಳ ಬಟ್ಟೆ ಮೂಸುತ್ತಾಳೆ. "ನಾಯಿ ಹಂಗೆ ಮೂಸ್ಬೇಡ," ಎಂದು ತಂಗಿ ಬೈಯುತ್ತಾಳೆ. ಮೊನ್ನೆ ತಂಗಿಯೇ, ಬೇರೇನೋ ಹೇಳುತ್ತಿದ್ದವಳು, ಮಧ್ಯದಲ್ಲಿ ನಿಲ್ಲಿಸಿ ಹೇಳಿದಳು: "ಎಡಗಡೆ ಗೋಡೇಲಿ ಒಂದು ಜೋಡಣೆ ಬೆವರ್ತಾ ಇದೆ ಅಕ್ಕ. ಹಿಮಾನೇ ಇರ್ಬೇಕು."

ಕೂಲಿಗಾರರ ಸಂಘದವರಾದ ನಾವು ಹೋರಾಟದ ಬಾವುಟ ಹಿಡಿದು ತುಂಬ ಗೇಟುಗಳ ಮುಂದೆ ಕೂತಿದ್ದೇವೆ, ಹೆಚ್ಚಾಗಿ ಹೆಣ ಹೊರಬಂದ ಮೇಲೆ. ಆಗ ಪರಿಹಾರ ಕೇಳಿದ್ದೇವೆ, ಸಿಕ್ಕಿದೆ. ಸತ್ತವರು ಎದ್ದು ಬಂದು ಎಣಿಸಿಕೊಂಡಿಲ್ಲ.

ಇದನ್ನು ಓದುತ್ತಿರುವ ನೀವು ಹಿಮಗಟ್ಟಿದ ಬಟಾಣಿ ತಿನ್ನುವವರು. ನಿಮ್ಮಲ್ಲಿ ಕೆಲವರು ಕಪ್ಪು ಕಿಟಕಿಯ ಮುಂದೆ ಕೂತು ದಿನಕ್ಕೆಷ್ಟೋ ಸಲ ಓದದೆ ವೈ ಒತ್ತುವವರು. ಮರುಕ ಬೇಡ, ಅದು ನಮ್ಮಲ್ಲೇ ಬೇಕಾದಷ್ಟಿದೆ. ಬರುವ ಸೋಮವಾರ ಬೆಳಿಗ್ಗೆ, ಬಾಗಿಲು ಮುಚ್ಚುವ ಮೊದಲು, ನಿಮ್ಮ ಊರಿನ ಕೋಲ್ಡ್ ಸ್ಟೋರೇಜಿನ ಗೇಟಿಗೆ ಬನ್ನಿ. ಪರದೆಯ ಫೋಟೋ ತೋರಿಸಿದರೆ ನೋಡಬೇಡಿ. ಬಟ್ಟೆ ಅದ್ದಿ ಸೆನ್ಸರಿಗೆ ಹಿಡಿಯಿರಿ, ಗಂಟೆ ನಮ್ಮ ಕಿವಿಗೆ ಕೇಳಬೇಕು, ಅಲ್ಲಿಯವರೆಗೆ ಒಬ್ಬಳನ್ನೂ ಒಳಗೆ ಬಿಡಬೇಡಿ ಎಂದು ಹೇಳಿ. ಹೇಳಿ ಅಲ್ಲೇ ನಿಲ್ಲಿ. ಬರುತ್ತೀರಾ, ಇಲ್ಲವಾ?