ಬದುಕಿದ್ದ ಹಾಡುಗಾರನಿಗೆ ಬರೆದ ಶ್ರದ್ಧಾಂಜಲಿ

ಆ ಮಂಗಳವಾರ ನಮ್ಮ ಮನೆಯಲ್ಲಿ ಜಗಳವಾದದ್ದು ಮಂಡಾಳ (ಮಂಡಕ್ಕಿ) ಒಗ್ಗರಣೆಯ ವಿಷಯಕ್ಕೆ.

'ಮಾನ್ವಿಯ ಬಸ್ ಸ್ಟ್ಯಾಂಡಿನ ಹತ್ತಿರ ಬೆಳಿಗ್ಗೆ ಐದಕ್ಕೇ ಬಿಸಿ ಒಗ್ಗರಣೆ ಸಿಗುತ್ತದೆ' ಎಂದು ವೆಬ್‌ಸೈಟಿನ ನನ್ನ ಅಂಕಣಕ್ಕೆ ಬರೆದಿದ್ದೆ. ನಮ್ಮ ಯಜಮಾನರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಐದಕ್ಕ? ಯಾರು ಹೇಳಿದ್ರು ನಿನಗ?"

"ಎಲ್ಲಾರಿಗೂ ಗೊತ್ತದ ಬಿಡ್ರೀ."

"ಎಲ್ಲಾರೂ ಅಂದ್ರ ಯಾರು? ಟಿಕೆಟ್ ಇಲ್ಲದ ಮಾತು, ಕೆಳಗಿಳಿಸು."

(ಜೀವಮಾನವಿಡೀ ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ನನ್ನ ವಾಕ್ಯಗಳನ್ನು ಚೆಕ್ ಮಾಡುವ ಡ್ಯೂಟಿ ತಾವೇ ಹಾಕಿಕೊಂಡಿದ್ದರು.)

ನಾನು ಒಪ್ಪಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ರಾಯಚೂರಿನಿಂದ ಮಾನ್ವಿಗೆ ಹೋಗಿಯೇ ಬಿಟ್ಟರು. ಸಂಜೆ ವಾಪಸ್ ಬಂದವರು, "ಆರೂವರಿಗೆ. ಅದೂ ಎಣ್ಣಿ ಕಾದಿದ್ರ," ಎಂದು ಮಿರ್ಚಿಯ ಪೊಟ್ಟಣವನ್ನು ನನ್ನ ಕೀಬೋರ್ಡಿನ ಮೇಲೇ ಇಟ್ಟರು. ವಾಕ್ಯ ತಿದ್ದಿದೆ. ಮಿರ್ಚಿ ತಿಂದೆವು.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ಅಂಕಣ ಯಾಕೆ ನಿಂತಿತು ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ಇದಕ್ಕೇ.

ಕೆಲವು ತಿಂಗಳ ಮೇಲೆ ವೆಬ್‌ಸೈಟಿನ ಸಂಪಾದಕಿ ಫೋನ್ ಮಾಡಿದಳು. ಬೆಂಗಳೂರಿನ ಹುಡುಗಿ, ಒಳ್ಳೆಯವಳು. "ಆಂಟಿ, ಸಿಂಪಲ್ ಟಾಪಿಕ್‌ನಿಂದ ಶುರು ಮಾಡಿ. ನಿಮ್ಮ ಕಡೆ ಭಜನೆ ಹಾಡೋರ ಬಗ್ಗೆ ಬರೀಬಹುದಲ್ವಾ?"

ಬರೆಯಬಹುದಿತ್ತು. ಮಾನ್ವಿ ತಾಲ್ಲೂಕಿನ ಬಾಗಲವಾಡದ ಮಲ್ಲಪ್ಪಜ್ಜನ ಹಾಡನ್ನು ನಾನು ಹಿಂದೆ ಕೇಳಿದ್ದೆ.

ರಿಸರ್ಚ್? ಮನೆಯಲ್ಲೇ ಕುಳಿತು ಮಾಡಿದೆ. ಈಗ ಎಲ್ಲರೂ ಹಾಗೇ ಅಲ್ಲವೇ? ಯಾರದೋ ಹಳೆಯ ವಿಡಿಯೋ, ಇನ್ನಾರದೋ ಪೋಸ್ಟ್, ಸ್ವಲ್ಪ ನೆನಪು, ಒಂದು ಲೋಟ ಚಹಾ. ಲೇಖನ ತಯಾರು! ಫೋಟೋ ಒಂದು ಬೇಕಿತ್ತು. ಅಜ್ಜನ ಸೊಸೆ ಶರಣಮ್ಮನ ನಂಬರ್ ಹುಡುಕಿ ಮೆಸೇಜ್ ಹಾಕಿದೆ. ಆಕೆ ಗೋಡೆಯ ಮೇಲಿದ್ದ ಫೋಟೋವನ್ನೇ ಮೊಬೈಲಿನಲ್ಲಿ ತೆಗೆದು ಕಳಿಸಿದಳು.

ಫ್ರೇಮಿಗೆ ಚೆಂಡುಹೂವಿನ ಹಾರ. ಗಾಜಿನ ಮೇಲೆ ವಿಭೂತಿ. ಕೆಳಗೆ ಹೊಗೆಯಾಡುವ ಊದಿನಕಡ್ಡಿ.

ಅಜ್ಜನೂ ಹೋಗಿಬಿಟ್ಟ ಎಂದುಕೊಂಡೆ. ಆದರೆ ಏನೂ ಕೇಳಲಿಲ್ಲ. ನಮ್ಮ ಮನೆಗೆ ಬಂದವರೆಲ್ಲ "ಹೆಂಗಾತ್ರೀ?" ಎಂದು ಕೇಳಿ, ನಾನು ಹೇಳಿ ಹೇಳಿ ಸುಸ್ತಾಗಿದ್ದೆ. ಇನ್ನೊಂದು ಮನೆಯನ್ನು ಯಾಕೆ ಕೆದಕಲಿ? ಸದ್ದಿಲ್ಲದೆ ಹೆಸರಿನ ಮುಂದೆ 'ದಿವಂಗತ' ಸೇರಿಸಿದೆ. 'ಹಾಡುತ್ತಾರೆ' ಎಂದಿದ್ದ ಕಡೆಯೆಲ್ಲ 'ಹಾಡುತ್ತಿದ್ದರು' ಮಾಡಿದೆ. ಲೇಖನಕ್ಕೆ ಎಂಥ ಪಾಲಿಶ್ ಬಂತು ಅಂತೀರಿ! (ಸತ್ತವರ ಬಗ್ಗೆ ಬರೆಯುವಾಗ ಭಾಷೆ ತಾನಾಗಿಯೇ ನುಣುಪಾಗುತ್ತದೆ, ಗಮನಿಸಿದ್ದೀರಾ?) ಸಂಪಾದಕಿ ತಲೆಬರಹ ಕೊಟ್ಟಳು: 'ಈ ಅಜ್ಜನ ಕೊನೆಯ ಹಾಡು ಕೇಳಿದರೆ ಕಣ್ಣೀರು ಗ್ಯಾರಂಟಿ!'

ಎರಡು ದಿನದ ಮೇಲೆ ನನಗೊಂದು ಫೋನ್ ಬಂತು.

"ಲೇಖನಾ ಬರದಾಕಿ ನೀವೇ ಏನ್ರಿ ಯವ್ವಾ? ನಾ ದಿವಂಗತ ಮಲ್ಲಪ್ಪ ಮಾತಾಡಾಕತ್ತೀನಿ."

ಫೋನನ್ನು ಕಿವಿಯಿಂದ ತೆಗೆದು ನಂಬರ್ ನೋಡಿದೆ.

"ಅಂಜಬ್ಯಾಡ್ರಿ. ಮ್ಯಾಲಿಂದ ಅಲ್ಲ, ಬಾಗಲವಾಡದಿಂದಾನೇ ಮಾತಾಡಾಕತ್ತೀನಿ. ಕಲ್ಲೂರಾಗಿನ ಬೀಗರು ಟಂಟಂ ಆಟೋ ಮಾಡ್ಕೊಂಡು ಅಳಕೋತ ಬಂದಿದ್ರು. ಬಾಗಿಲಾ ನಾನೇ ತಗದೆ. ಬೀಗ್ತಿ ಚಿಟ್ಟನೆ ಚೀರಿ ಅಂಗಳದಾಗ ಕುಂತುಬಿಟ್ಲು."

ಕ್ಷಮೆ ಕೇಳಿದೆ. ಅಜ್ಜ ದನಿ ಇಳಿಸಿದ.

"ಅದು ಹೋಗ್ಲಿ ಬಿಡ್ರಿ. ಬರೋ ಸೋಮವಾರ ದೇವದುರ್ಗದಾಗ ಭಜನಿ ಅದ. ಪ್ರತಿ ವರ್ಷ ನಾನೇ ಹಾಡೋದು. ನಿಮ್ಮ ಬರಹ ನೋಡಿ ಅವರು ಬ್ಯಾರೆಯವರನ್ನ ಕರದಾರ. ನಾ ಬದುಕೀನಿ ಅಂದ್ರ ಕೇಳವಲ್ರು, ಮೊಬೈಲ್‌ನಾಗ ಬಂದದ, ಮೊದ್ಲು ಅದನ್ನ ತಗಸು ಅಂತಾರ. ಹಾಡು ಒಂದು ಬಿಟ್ರ ನನಗ ಮತ್ತೇನದ ಯವ್ವಾ?"

ತಕ್ಷಣ ಸಂಪಾದಕಿಗೆ ಫೋನ್ ಮಾಡಿದೆ.

"ಆಂಟಿ! ಆರ್ಟಿಕಲ್ ಸೂಪರ್ ಆಗಿ ಓಡ್ತಿದೆ. ಕಾಮೆಂಟ್ ತುಂಬಾ ಓಂ ಶಾಂತಿ!"

"ಅವರು ಬದುಕಿದ್ದಾರಮ್ಮ."

"ಖಂಡಿತಾನಾ ಆಂಟಿ? ಪ್ರೂಫ್ ಏನಾದ್ರೂ ಇದೆಯಾ?"

ನೋಡಿ. ಸತ್ತದ್ದಕ್ಕೆ ಯಾರೂ ಪ್ರೂಫ್ ಕೇಳಿರಲಿಲ್ಲ. ಬದುಕಿದ್ದಕ್ಕೆ ಬೇಕಂತೆ!

ಪ್ರೂಫಿಗೆ ವಿಡಿಯೋ ಬೇಕು, ಬರುತ್ತೇನೆ ಎಂದು ಅಜ್ಜನಿಗೆ ಹೇಳಿ ಬಸ್ ಹತ್ತಿದೆ. ನಮ್ಮ ಯಜಮಾನರು ಹೋದ ಮೇಲೆ ನಾನು ಊರು ಬಿಟ್ಟು ಹೊರಟದ್ದು ಅದೇ ಮೊದಲು.

ಬಾಗಲವಾಡದಲ್ಲಿ ಅಜ್ಜ ಇಸ್ತ್ರಿ ಮಾಡಿದ ಧೋತರ ಉಟ್ಟು, ಅವತ್ತಿನ ಪೇಪರನ್ನು ಎದೆಗೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. "ತಾರೀಖು ಕಾಣಂಗ ತಗೀರಿ," ಎಂದ. ವಿಡಿಯೋ ಶುರು ಮಾಡಿದೆ. ಹಾಡಿದ. ಮೇಲಿನ ಸ್ವರದಲ್ಲಿ ದನಿ ಸ್ವಲ್ಪ ಒಡೆಯಿತು. "ಸತ್ತಾಂವ ಇಷ್ಟು ಹಾಡಿದ್ರ ಸಾಕು," ಎಂದು ತಾನೇ ನಕ್ಕ.

ಒಳಗೆ ಹೋದರೆ ಗೋಡೆಯ ಮೇಲೆ ಸಾಲಾಗಿ ಮೂರು ಫೋಟೋ. ಅಜ್ಜನ ತಂದೆ, ಅಜ್ಜನ ತಾಯಿ, ಶಾಲು ಹೊದ್ದು ಸನ್ಮಾನ ಮಾಡಿಸಿಕೊಂಡ ಅಜ್ಜ.

"ಇದೇನ್ರಿ ಶರಣಮ್ಮ, ಇದ್ದವರಿಗೂ ಹಾರ?"

"ನೀವು ಕೇಳಿದ ದಿನ ಅಮಾಸಿ ಇತ್ರಿ ಅಕ್ಕಾ. ಹಿರಿಯಾರ ಫೋಟೋ ಒರಸಿ ಹೂ ಹಾಕಬೇಕಲ್ರಿ. ಸಾಲಿನಾಗ ಮಾವನ್ನ ಒಬ್ಬರನ್ನ ಬಿಟ್ರ, ನಾ ಏನ್ ತಪ್ಪು ಮಾಡೀನಿ ಅಂತ ಕೇಳ್ತಾರ."

"ಕೇಳ್ತೀನಿ ಮತ್ತ!" ಎಂದ ಅಜ್ಜ, ಹೊರಗಿನಿಂದಲೇ.

ವಿಡಿಯೋ ಅಲ್ಲಿಂದಲೇ ಕಳಿಸಿದೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ 'ದಿವಂಗತ' ಹೋಗಿತ್ತು, 'ಹಾಡುತ್ತಾರೆ' ಮರಳಿತ್ತು. ಅಜ್ಜ ದೇವದುರ್ಗಕ್ಕೆ ಫೋನ್ ಹಚ್ಚಿ, "ಈಗರ ನೋಡ್ರಲೇ ನಿಮ್ಮ ಮೊಬೈಲ್," ಎಂದು ಗದರಿದ. ಅವರು ಸೋಮವಾರ ಬಂದುಬಿಡ್ರಿ ಅಂದರಂತೆ. ಈಗಾಗಲೇ ಕರೆದ ಬೇರೆಯವರೂ ಬರುತ್ತಾರೆ, ಇಬ್ಬರೂ ಹಾಡಲಿ ಎಂದು.

ಹೊರಟು ನಿಂತಾಗ ಅಜ್ಜ ಕೇಳಿದ. "ಇಷ್ಟು ದೂರ ಒಬ್ಬಾಕಿನೇ ಬಂದೀರಿ. ಯಜಮಾನ್ರು ಬರಲಿಲ್ಲೇನ್ರಿ?"

ಹೇಳಿದೆ.

ಅಲ್ಲಿಯವರೆಗೂ ನಗಿಸುತ್ತಿದ್ದ ಅಜ್ಜ ಮತ್ತೆ ಕಟ್ಟೆಯ ಮೇಲೆ ಕುಳಿತ. ಹೆಂಗಾತು ಎಂದು ಕೇಳಲಿಲ್ಲ. "ಕೂಡ್ರಿ ಯವ್ವಾ, ಮುಂದಿನ ಬಸ್ಸಿಗೆ ಹೋಗೀರಂತ," ಎಂದಷ್ಟೇ ಅಂದ. ಕುಳಿತೆ.

ಬಸ್ ಬರುವ ಹೊತ್ತಿಗೆ ಶರಣಮ್ಮ ಹಿತ್ತಲಿನ ಚೆಂಡುಹೂ ಕಟ್ಟಿ ಎಲೆಯಲ್ಲಿ ಸುತ್ತಿ ತಂದಳು. "ನಿಮ್ಮ ಯಜಮಾನ್ರ ಫೋಟೋಕ್ಕ ಹಾಕ್ರಿ ಅಕ್ಕಾ."

ತಂದು ಅಡುಗೆಮನೆಯಲ್ಲಿ ಇಟ್ಟಿದ್ದೇನೆ. ನಮ್ಮ ಗೋಡೆಯ ಮೇಲೆ ಅವರ ಫೋಟೋ ಇನ್ನೂ ಇಲ್ಲ.